ಋತುನಿವೃತ್ತಿಯ ಮಾತ್ರೆಯೂ ಶೇಕಡಾ ಲೆಕ್ಕವೂ

ಸ್ತ್ರೀಯರ ಬಾಳಿನಲ್ಲಿ ಮುಟ್ಟು ನಿಲ್ಲುವ ಕಾಲವು ಒಂದು ಸಂಧಿಕಾಲ. ನಮ್ಮ ದೇಶದಲ್ಲಿ ಅದು ಸಾಮಾನ್ಯವಾಗಿ 45ರಿಂದ 50 ವರ್ಷಗಳ ನಡುವೆ ಬರುತ್ತದೆ. ಅಂಡಾಶಯದಲ್ಲಿ ಈಸ್ಟ್ರೋಜೆನ್ ಎಂಬ ಹಾರ್ಮೋನಿನ ಉತ್ಪತ್ತಿ ಕುಂದಿದಾಗ ಮೈ ಬಿಸಿಯೇರುವುದು, ರಾತ್ರಿ ಬೆವರುವುದು, ನಿದ್ರೆ ಕೆಡುವುದು ಮೊದಲಾದ ಬಾಧೆಗಳು ತಲೆದೋರುತ್ತವೆ. ಅವು ತೀವ್ರವಾದಲ್ಲಿ ವೈದ್ಯರು ಆ ಹಾರ್ಮೋನನ್ನೇ ಔಷಧವಾಗಿ ಕೊಡುವುದುಂಟು. ಗರ್ಭಕೋಶವಿರುವವರಿಗೆ ಪ್ರೊಜೆಸ್ಟೋಜೆನ್ ಎಂಬ ಇನ್ನೊಂದನ್ನೂ ಜೊತೆಗೂಡಿಸುತ್ತಾರೆ. ಏಕೆಂದರೆ ಈಸ್ಟ್ರೋಜೆನ್ ಒಂದನ್ನೇ ಕೊಟ್ಟರೆ ಅದು ಗರ್ಭಕೋಶದ ಒಳಪದರದ ಕ್ಯಾನ್ಸರಿಗೆ ಎಡೆಗೊಡಬಲ್ಲುದು.

ಈ ಚಿಕಿತ್ಸೆಗೂ ಅಂಡಾಶಯದ ಕ್ಯಾನ್ಸರಿಗೂ ಸಂಬಂಧವುಂಟೆ? ಉಂಟೆಂದೇ ವಿಜ್ಞಾನಿಗಳ ಉತ್ತರ. 52 ಅಧ್ಯಯನಗಳನ್ನು ಒಟ್ಟುಗೂಡಿಸಿ, 21,000ಕ್ಕೂ ಮಿಕ್ಕ ರೋಗಿಗಳ ವಿವರಗಳನ್ನು ಪರಿಶೀಲಿಸಿದ ವರದಿಯೊಂದು 2015ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಔಷಧ ಸೇವಿಸುತ್ತಿರುವವರಲ್ಲಿ, ಎಂದೂ ಸೇವಿಸದವರಿಗಿಂತ ಈ ರೋಗವು ಶೇಕಡಾ 40ರಷ್ಟು ಹೆಚ್ಚೆಂದು ಅದರಲ್ಲಿ ಕಂಡುಬಂದಿತು.

ಶೇಕಡಾ 40 ಎಂದೊಡನೆ ಎದೆ ನಡುಗುವುದು ಸಹಜ. ಆದರೆ ನಾವು ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಲೆಕ್ಕವನ್ನು ಇಲ್ಲಿ ನೆನೆಯಬೇಕು. 2 ರೂಪಾಯಿಗೆ ಶೇಕಡಾ 50 ಕೂಡಿಸಿದರೆ ಹೆಚ್ಚುವುದು 1 ರೂಪಾಯಿ. 2,000ಕ್ಕೆ ಕೂಡಿಸಿದರೆ 1,000. ಮೂಲಸಂಖ್ಯೆ ಎಷ್ಟೆಂದು ಕೇಳದೆ ಶೇಕಡಾವಾರನ್ನು ನಂಬಲಾಗದು. ಅಂಡಾಶಯದ ಕ್ಯಾನ್ಸರ್ ಮೂಲತಃ ವಿರಳ. ಐವತ್ತರ ಸುಮಾರಿಗೆ ತೊಡಗಿ ಐದು ವರ್ಷ ಔಷಧ ಸೇವಿಸಿದ 1,000 ಮಂದಿಯಲ್ಲಿ ಹೆಚ್ಚುವರಿಯಾಗಿ ರೋಗಕ್ಕೆ ತುತ್ತಾಗುವವರು ಸುಮಾರು ಒಬ್ಬರು ಎಂದು ಅದೇ ವರದಿ ತಿಳಿಸುತ್ತದೆ. ಔಷಧ ನಿಲ್ಲಿಸಿದ ಬಳಿಕ ಅಪಾಯವು ಕ್ರಮೇಣ ತಗ್ಗುತ್ತದೆ. ದೀರ್ಘಕಾಲ ಸೇವಿಸಿದವರಲ್ಲಿ ಮಾತ್ರ ಕೆಲವು ವರ್ಷ ಉಳಿಯಬಹುದು.

ಆದುದರಿಂದ ಭಯವೂ ಸಲ್ಲದು, ಅಲಕ್ಷ್ಯವೂ ಸಲ್ಲದು. 45 ವರ್ಷಕ್ಕೆ ಮುನ್ನವೇ ಮುಟ್ಟು ನಿಂತವರಿಗೆ ಎಲುಬಿನ ರಕ್ಷಣೆಗಾಗಿ ಈ ಔಷಧ ಅಗತ್ಯವಾಗಬಹುದು. ಈ ಲೇಖನವನ್ನೋದಿ ಯಾರೂ ಮಾತ್ರೆಯನ್ನು ಎಸೆಯಬಾರದು, ವೈದ್ಯರನ್ನು ಕೇಳಬೇಕು.

ಕೇಳುವುದೇ ನಮ್ಮ ಗಡಿನಾಡಿನಲ್ಲಿ ಕಷ್ಟದ ಕೆಲಸವಾಗಿದೆ. ಮಂಜೇಶ್ವರ, ಕುಂಬಳೆ, ಕಾಸರಗೋಡಿನವರು ದೊಡ್ಡ ಕಾಯಿಲೆಗೆ ಮಂಗಳೂರನ್ನೇ ನಂಬಿದವರು. ಆ ನಂಬಿಕೆಯ ದಾರಿ ಎಷ್ಟು ಕಿರಿದೆಂಬುದನ್ನು 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ನಾವೆಲ್ಲ ಕಂಡೆವು. ಒಮ್ಮೆ ಹೋಗಿ ತಂದ ಚೀಟಿಯನ್ನು ಊರಿನ ಅಂಗಡಿಯಲ್ಲಿ ತೋರಿಸಿ, ವರ್ಷಗಟ್ಟಲೆ ಅದೇ ಮಾತ್ರೆಯನ್ನು ನುಂಗುವುದು ಸುಲಭ. ಆದರೆ ಆ ಚೀಟಿಯನ್ನು ವರ್ಷಕ್ಕೊಮ್ಮೆಯಾದರೂ ವೈದ್ಯರ ಮುಂದಿಟ್ಟು, 'ಇದು ಇನ್ನೂ ಬೇಕೆ?' ಎಂದು ಕೇಳಲೇಬೇಕು. ತಾಯಿಗೋ ಸೋದರಿಗೋ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದಿತಾದರೆ ಅದನ್ನು ಮರೆಮಾಚಕೂಡದು.

ಇನ್ನೊಂದು ಮಾತು. ಆರೋಗ್ಯವಂತರಲ್ಲಿ ಈ ರೋಗವನ್ನು ಮೊದಲೇ ಹಿಡಿದು ಪ್ರಾಣ ಉಳಿಸಬಲ್ಲ ಪರೀಕ್ಷೆ ಇನ್ನೂ ಸಿದ್ಧಿಸಿಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಮಿಕ್ಕ ಸ್ತ್ರೀಯರ ಮೇಲೆ ನಡೆದ ಪ್ರಯೋಗದ 2021ರ ಫಲಿತಾಂಶದಂತೆ, ವರ್ಷವರ್ಷವೂ ಸ್ಕ್ಯಾನಿಂಗ್ ಅಥವಾ ರಕ್ತಪರೀಕ್ಷೆ ಮಾಡಿದರೂ ಮರಣಸಂಖ್ಯೆ ಇಳಿಯಲಿಲ್ಲ. ಹಾಗಾಗಿ ಲಕ್ಷಣಗಳನ್ನು ಅರಿತಿರುವುದೇ ಲೇಸು: ಹೊಟ್ಟೆಯುಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆಯ ನೋವು, ಪದೇ ಪದೇ ಮೂತ್ರಶಂಕೆ. ನಮ್ಮ ಮನೆಗಳಲ್ಲಿ ಇವೆಲ್ಲ 'ಗ್ಯಾಸು' ಎಂಬ ಒಂದೇ ಹೆಸರಿನಲ್ಲಿ ಅಡಗಿ, ಕಷಾಯದಲ್ಲಿ ಮುಗಿದುಹೋಗುತ್ತವೆ. ಐವತ್ತು ದಾಟಿದವರಲ್ಲಿ ಇವು ಹೊಸದಾಗಿ ಕಾಣಿಸಿಕೊಂಡು ಎರಡು ಮೂರು ವಾರ ಬಿಡದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಂಡರೆ ಒಂದು ದಿನವೂ ತಡಮಾಡಬಾರದು.

ಔಷಧದ ಪೊಟ್ಟಣದೊಳಗಿನ ಸಣ್ಣಕ್ಷರದ ಇಂಗ್ಲಿಷ್ ಕಾಗದವನ್ನು ಕನ್ನಡ ಶಾಲೆಯಲ್ಲಿ ಕಲಿತ ತಾಯಂದಿರು ಓದಲಾರರು. ಕಾಲೇಜು ಮೆಟ್ಟಲೇರಿದ ಮಕ್ಕಳು ಅದನ್ನು ಓದಿ, ನಾಚಿಕೆಯನ್ನು ಬದಿಗಿಟ್ಟು, ನಮ್ಮ ಮಾತಿನಲ್ಲಿ ತಿಳಿಯಹೇಳಲಿ. ವಿದ್ಯೆಗೆ ಇದಕ್ಕಿಂತ ಹತ್ತಿರದ ಉಪಯೋಗವನ್ನು ನಾವು ಕಾಣೆವು.