ಬೊಜ್ಜಿನ ಶಸ್ತ್ರಚಿಕಿತ್ಸೆ: ತೂಕ ಇಳಿದ ಮೇಲೆ

"ಡಾಕ್ಟ್ರೇ, ನಡೆಯುವಾಗ ಚಪ್ಪಲಿ ಕಾಲಿನಿಂದ ಕಳಚಿಕೊಂಡರೂ ನನಗೆ ಗೊತ್ತಾಗುವುದಿಲ್ಲ" ಎಂದರು ಆ ಶಿಕ್ಷಕಿ. ವಯಸ್ಸು ನಲವತ್ತಾರು. ಹಿಂದಿನ ವರ್ಷವಷ್ಟೇ ನಮ್ಮ ಊರಿನ ಶಾಲೆಗೆ ವರ್ಗವಾಗಿ ಬಂದವರು. ಎರಡೂ ಪಾದಗಳಲ್ಲಿ ಜೋಮು, ರಾತ್ರಿ ಉರಿ, ಕತ್ತಲಲ್ಲಿ ನಡೆದರೆ ತೂರಾಟ. ಮೊದಲು ಸಕ್ಕರೆ ಕಾಯಿಲೆ ಇತ್ತು, ಈಗ ಹತೋಟಿಯಲ್ಲಿದೆ ಎಂದಿದ್ದರು. ಹಳೆಯ ಸಕ್ಕರೆ ಕಾಯಿಲೆಯಿಂದ ನರಗಳು ಸೊರಗಿರಬೇಕು ಎಂದುಕೊಂಡು ನಾನು ಉರಿ ಶಮನಕ್ಕೆ ಮಾತ್ರೆ ಬರೆದುಕೊಟ್ಟೆ. ಎರಡು ತಿಂಗಳಾದರೂ ಗುಣ ಕಾಣಲಿಲ್ಲ.

ಮೂರನೆಯ ಸಲ ಬಂದಾಗ ಮಲಗಿಸಿ ಪರೀಕ್ಷಿಸಿದೆ. ಹೊಟ್ಟೆಯ ಮೇಲೆ ಐದು ಪುಟ್ಟ ಕಲೆಗಳು. ಕೇಳಿದರೆ, "ಓ ಅದಾ, ಐದು ವರ್ಷದ ಹಿಂದೆ ತೂಕ ಇಳಿಸುವ ಆಪರೇಷನ್ ಆಗಿತ್ತು. ಎಲ್ಲ ಸರಿಹೋಯಿತಲ್ಲ ಅಂತ ಹೇಳಲಿಲ್ಲ" ಎಂದರು. ಅವರು ಹೇಳಿರಲಿಲ್ಲ ನಿಜ, ನಾನೂ ಕೇಳಿರಲಿಲ್ಲ. ರಕ್ತದಲ್ಲಿ ಬಿ-12 ಜೀವಸತ್ವ ಎಷ್ಟಿದೆ ಎಂದು ಪರೀಕ್ಷೆಗೆ ಕಳಿಸಿದರೆ, ಪ್ರಯೋಗಾಲಯದ ಯಂತ್ರ ಅಳೆಯಬಲ್ಲ ಕನಿಷ್ಠ ಮಟ್ಟಕ್ಕಿಂತಲೂ ಕಡಿಮೆ ಎಂದು ವರದಿ ಬಂತು.

ಈ ಶಸ್ತ್ರಚಿಕಿತ್ಸೆ ತೀರ ಹೊಸದೇನಲ್ಲ. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರು ತೆಳ್ಳಗಾಗುವುದನ್ನು ಗಮನಿಸಿದ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್, 1966ರಲ್ಲಿ ಬೊಜ್ಜಿಗೆಂದೇ ಬೈಪಾಸ್ ಮಾಡಿದರು. ಇಂದು ಹೆಚ್ಚಾಗಿ ನಡೆಯುವುದು ಎರಡು ಬಗೆ. ಒಂದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಮಿಗಿಲಾಗಿ ಕತ್ತರಿಸಿ ತೆಗೆದು ಉಳಿದದ್ದನ್ನು ಬಾಳೆಕಾಯಿಯಂಥ ಕೊಳವೆ ಮಾಡುತ್ತಾರೆ. ಇದಕ್ಕೆ ಸ್ಲೀವ್ ಎನ್ನುತ್ತಾರೆ. ಇನ್ನೊಂದು ಬೈಪಾಸ್. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚೀಲ ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಆಹಾರ ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದೆ ಸಾಗುತ್ತದೆ. ಶಿಕ್ಷಕಿಗೆ ಆದದ್ದು ಇದು.

ಲಾಭ ದೊಡ್ಡದು, ಅದನ್ನು ಅಲ್ಲಗಳೆಯಲಾಗದು. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ಅಧ್ಯಯನದ ಫಲಿತಾಂಶ 2007ರಲ್ಲಿ ಪ್ರಕಟವಾದಾಗ, ಶಸ್ತ್ರಚಿಕಿತ್ಸೆ ಆದವರಲ್ಲಿ ಸಾವು ಕಡಿಮೆ ಎಂದು ತಿಳಿಯಿತು. ಬೈಪಾಸ್ ಆದವರ ತೂಕ ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇ 32ರಷ್ಟು ಇಳಿದು, ಸ್ವಲ್ಪ ಮರಳಿ ಏರಿ, ಹತ್ತು ವರ್ಷದ ಹೊತ್ತಿಗೆ ಮೂಲ ತೂಕಕ್ಕಿಂತ ಶೇ 25ರಷ್ಟು ಕಡಿಮೆ ಇತ್ತು. ಆ ಸ್ವಲ್ಪ ಏರಿಕೆ ಸಹಜ. "ಆಪರೇಷನ್ ಕೆಟ್ಟಿತು" ಎಂದು ನಾಚಿಕೊಂಡು ವೈದ್ಯರಿಂದ ತಪ್ಪಿಸಿಕೊಳ್ಳುವವರನ್ನು ನೋಡಿದ್ದೇನೆ. ಹಾಗೆ ಅವಿತುಕೊಳ್ಳಬೇಕಿಲ್ಲ.

ಮತ್ತೆ ಬಿ-12ಕ್ಕೆ ಬರೋಣ. ಈ ಜೀವಸತ್ವ ಆಹಾರದಿಂದ ಬಿಡಿಸಿಕೊಳ್ಳಲು ಜಠರದ ಆಮ್ಲ ಬೇಕು. ಜಠರದ ಗೋಡೆ ಸ್ರವಿಸುವ ವಿಶೇಷ ವಸ್ತುವೊಂದು ಅದರ ಕೈಹಿಡಿದು ಸಣ್ಣ ಕರುಳಿನ ಕೊನೆಯವರೆಗೂ ಕರೆದೊಯ್ಯಬೇಕು. ಜಠರವೇ ದಾರಿ ತಪ್ಪಿದ ಮೇಲೆ ಎರಡೂ ಸಾಲದು. ಹಾಗಾದರೆ ತೊಂದರೆ ಕೂಡಲೇ ಏಕೆ ಕಾಣುವುದಿಲ್ಲ? ಲಿವರ್ ಎಂದು ನಾವೆಲ್ಲ ಕರೆಯುವ ಯಕೃತ್ತಿನಲ್ಲಿ ಎರಡರಿಂದ ಐದು ವರ್ಷಕ್ಕಾಗುವಷ್ಟು ದಾಸ್ತಾನು ಇರುತ್ತದೆ. ಅದು ಮುಗಿಯುವ ಹೊತ್ತಿಗೆ ರೋಗಿ ಲವಲವಿಕೆಯಿಂದ ಇರುತ್ತಾರೆ, ಹಳೆಯ ಉಡುಪುಗಳನ್ನು ಹಂಚಿಯಾಗಿರುತ್ತದೆ, ಚೀಟಿಯಲ್ಲಿ ಬರೆದ ಮಾತ್ರೆಗಳು ಮರೆತೇ ಹೋಗಿರುತ್ತವೆ. ಶಿಕ್ಷಕಿ ಸಸ್ಯಾಹಾರಿ. ಬಿ-12 ಇರುವುದು ಹಾಲು, ಮೊಟ್ಟೆ, ಮಾಂಸಗಳಲ್ಲಿ. ಅವರ ದಾಸ್ತಾನು ಮೊದಲೇ ತೆಳುವಾಗಿದ್ದಿರಬೇಕು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ತೆಗೆದುಕೊಂಡ ಮೆಟ್‌ಫಾರ್ಮಿನ್ ಮಾತ್ರೆಯೂ ಅದನ್ನು ಇನ್ನಷ್ಟು ಇಳಿಸುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಸುಸ್ತು ಎಂದಾಗಲೆಲ್ಲ ಅವರು ಅಂಗಡಿಯಿಂದ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ತಂದು ನುಂಗುತ್ತಿದ್ದರು. ಫೋಲಿಕ್ ಆಮ್ಲ ರಕ್ತಹೀನತೆಯನ್ನು ಮರೆಮಾಚುತ್ತದೆ, ನರಗಳ ಹಾನಿಯನ್ನು ತಡೆಯುವುದಿಲ್ಲ. ಹೀಗಾಗಿ ಹಿಮೋಗ್ಲೋಬಿನ್ ಚೆನ್ನಾಗಿತ್ತು, ನಾನೂ ಮೋಸಹೋದೆ.

ಹಾಗಾದರೆ ಎಷ್ಟು ಬೇಕು? ಸಾಮಾನ್ಯ ಜೀವಸತ್ವದ ಮಾತ್ರೆಗಳಲ್ಲಿರುವ ಕೆಲವೇ ಮೈಕ್ರೋಗ್ರಾಂ ಇವರಿಗೆ ಏನೇನೂ ಸಾಲದು. ಬಾಯಿಯ ಮೂಲಕವಾದರೆ ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ, ಚುಚ್ಚುಮದ್ದಾದರೆ ತಿಂಗಳಿಗೊಮ್ಮೆ 1000 ಮೈಕ್ರೋಗ್ರಾಂ. ಎಷ್ಟು ದಿನ ಎಂದು ಎಲ್ಲರೂ ಕೇಳುತ್ತಾರೆ. ಜೀವನಪರ್ಯಂತ. ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳೂ ಹಾಗೆಯೇ. ಕಬ್ಬಿಣವನ್ನೂ ಕ್ಯಾಲ್ಸಿಯಂ ಅನ್ನೂ ಒಟ್ಟಿಗೆ ನುಂಗಬೇಡಿ, ನಡುವೆ ಎರಡು ಗಂಟೆಯಾದರೂ ಇರಲಿ. ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಆಗಲಿ. ಸಕ್ಕರೆ ಕಾಯಿಲೆ ಮಾಯವಾಗಿದ್ದರೂ ಸಕ್ಕರೆ ನೋಡಿಸಿ, ಅದು ಮರಳಿ ಬರುವುದುಂಟು.

ಊಟದ ವಿಷಯ ಮಾತ್ರೆಗಿಂತ ಕಷ್ಟ. ಮದುವೆಮನೆಯಲ್ಲಿ ಎಲೆಯ ಮುಂದೆ ಕುಳಿತು ನಾಲ್ಕು ತುತ್ತಿಗೆ ಸಾಕೆಂದರೆ ನಮ್ಮವರು ಬಿಡುತ್ತಾರೆಯೇ? "ಇಷ್ಟೇನಾ? ಮೈಗೆ ಹುಷಾರಿಲ್ವಾ?" ಎಂದು ಮತ್ತೆ ಬಡಿಸುತ್ತಾರೆ. ಬೈಪಾಸ್ ಆದ ಇನ್ನೊಬ್ಬರು ಯುಗಾದಿಯ ದಿನ ಒತ್ತಾಯಕ್ಕೆ ಎರಡು ಹೋಳಿಗೆ ತಿಂದು ಅರ್ಧ ಗಂಟೆಯಲ್ಲಿ ಬೆವರಿ, ಎದೆ ಡವಡವಿಸಿ, ಹೊಟ್ಟೆ ನುಲಿದು, ಹೃದಯಾಘಾತವೆಂದು ಹೆದರಿ ನನ್ನಲ್ಲಿಗೆ ಓಡಿಬಂದಿದ್ದರು. ಸಿಹಿ ಒಮ್ಮೆಲೇ ಕರುಳಿಗೆ ಸುರಿದುದರ ಪರಿಣಾಮ ಅದು. ಊಟದಲ್ಲಿ ಮೊದಲ ತುತ್ತುಗಳು ಬೇಳೆ, ಕಾಳು, ಮೊಸರು, ಪನೀರ್, ಮೊಟ್ಟೆಯದಾಗಿರಲಿ, ಅನ್ನ ಮುದ್ದೆ ಆಮೇಲೆ. ದಿನಕ್ಕೆ ಕನಿಷ್ಠ 60 ಗ್ರಾಂ ಸಸಾರಜನಕ ಬೇಕು. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ. ಲೆಕ್ಕ ಹಾಕಿ ನೋಡಿದರೆ ತಿಳಿಸಾರು ಅನ್ನದಿಂದ ಇದು ಆಗದ ಮಾತು. ಮೂರರಿಂದ ಆರನೆಯ ತಿಂಗಳಲ್ಲಿ ಕೂದಲು ಉದುರಿದರೆ ಗಾಬರಿ ಬೇಡ, ಪೋಷಣೆ ಸರಿಯಿದ್ದರೆ ಮತ್ತೆ ಬರುತ್ತದೆ.

ಮಕ್ಕಳು ಬೇಕೆನ್ನುವ ಹೆಣ್ಣುಮಕ್ಕಳು ಒಂದು ಒಂದೂವರೆ ವರ್ಷ ಕಾಯಬೇಕು. ತೂಕ ಇಳಿದಂತೆ ಗರ್ಭ ನಿಲ್ಲುವ ಸಂಭವ ಹೆಚ್ಚುತ್ತದೆ, ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಗುಳಿಗೆಯನ್ನು ನೆಚ್ಚುವಂತಿಲ್ಲ. ಮೈಕೈ ನೋವಿಗೆ ಅಂಗಡಿಯ ನೋವಿನ ಮಾತ್ರೆ ನುಂಗಿದರೆ ಜೋಡಣೆಯ ಜಾಗದಲ್ಲಿ ಹುಣ್ಣಾಗಬಹುದು. ಮದ್ಯ ಬೇಗನೆ ತಲೆಗೇರುತ್ತದೆ, ಚಟವಾಗುವ ಅಪಾಯವೂ ಹೆಚ್ಚು.

ಒಂದು ಮಾತು ನನ್ನ ವೃತ್ತಿಬಾಂಧವರಿಗೂ. ಶಸ್ತ್ರಚಿಕಿತ್ಸೆಯ ಮೊದಲ ತಿಂಗಳುಗಳಲ್ಲಿ ದಿನಗಟ್ಟಲೆ ವಾಂತಿ ಮಾಡಿಕೊಂಡು ಬಂದವರಿಗೆ ಗ್ಲೂಕೋಸ್ ಡ್ರಿಪ್ ಹಾಕಲು ನಾವು ಆತುರಪಡುತ್ತೇವೆ. ಅದಕ್ಕೆ ಮೊದಲು ಬಿ-1, ಅಂದರೆ ಥಯಾಮಿನ್ ಕೊಡದಿದ್ದರೆ ಮಿದುಳಿಗೇ ಪೆಟ್ಟು ಬೀಳಬಹುದು. ರೋಗಿಯ ಮನೆಯವರೂ ಆಪರೇಷನ್ ಆದ ಸಂಗತಿಯನ್ನು ಮೊದಲೇ ಹೇಳಿಬಿಡಬೇಕು, ಬಿಡುಗಡೆ ಪತ್ರದ ಜೆರಾಕ್ಸ್ ಪರ್ಸಿನಲ್ಲಿ ಇರಬೇಕು.

ಶಿಕ್ಷಕಿಗೆ ಚುಚ್ಚುಮದ್ದು ಶುರುಮಾಡಿ ಒಂದು ವರ್ಷವಾಯಿತು. ಉರಿ ಹೋಗಿದೆ, ತೂರಾಟವೂ ಇಲ್ಲ. ಪ್ರತಿ ತಿಂಗಳ ಮೊದಲ ಶನಿವಾರ ಶಾಲೆ ಬಿಟ್ಟ ಮೇಲೆ ತಪ್ಪದೆ ಬಂದು ಚುಚ್ಚಿಸಿಕೊಂಡು ಹೋಗುತ್ತಾರೆ. ಬಲಗಾಲಿನ ಬೆರಳುಗಳ ಜೋಮು ಮಾತ್ರ ಹಾಗೆಯೇ ಉಳಿದಿದೆ. ಹಿಂಬದಿಗೆ ಪಟ್ಟಿಯಿರುವ ಚಪ್ಪಲಿ ಹಾಕಿಕೊಳ್ಳುತ್ತಾರೆ.