ಏರುವ ಗೇರಿನಲ್ಲೇ ಇಳಿಯಬೇಕಾದ ದಾರಿ

ಬೆಳಗಾವಿ ಜಿಲ್ಲೆಯ ಯರಗಟ್ಟಿಯನ್ನು ಹಾದುಹೋಗುವ ರಾಯಚೂರು–ಬಾಚಿ ರಾಜ್ಯ ಹೆದ್ದಾರಿ ಬಹುಪಾಲು ಎರೆಹೊಲಗಳ ನಡುವಿನ ದಾರಿ. ನೇಸರಗಿ, ಬೆಳಗಾವಿ ದಾಟಿ ಮಹಾರಾಷ್ಟ್ರದ ಗಡಿಯ ಬಾಚಿಯಲ್ಲಿ ಅದು ಮುಗಿಯುತ್ತದೆ. ಅಲ್ಲಿಂದ ಮುಂದೆ ವೆಂಗುರ್ಲಾ ರಸ್ತೆ ಅಂಬೋಲಿ ಘಾಟಿನಲ್ಲಿ ಕೊಂಕಣಕ್ಕೆ ಇಳಿಯುತ್ತದೆ. ಗೋವಾಕ್ಕೆ ಹೋಗುವವರು ಜಾಂಬೋಟಿ, ಕಣಕುಂಬಿಯ ಮೇಲೆ ಚೋರ್ಲಾ ಘಾಟನ್ನೋ, ಖಾನಾಪುರದ ಕಡೆಯಿಂದ ಅನಮೋಡ ಘಾಟನ್ನೋ ಹಿಡಿಯುತ್ತಾರೆ. ಕಾರವಾರ, ಅಂಕೋಲಾ ಕಡೆಯ ಲಾರಿಗಳಿಗೆ ಸವದತ್ತಿ, ಧಾರವಾಡ, ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ. ಯಾವ ದಾರಿ ಹಿಡಿದರೂ ಬಯಲಿನ ಚಾಲಕನಿಗೆ ಸಹ್ಯಾದ್ರಿ ಎದುರಾಗುವುದು ಒಂದೇ ಬಗೆಯಲ್ಲಿ, ಮೊದಲು ಇಳಿಜಾರಾಗಿ.

ಇದಕ್ಕೆ ಕಾರಣ ಬೆಟ್ಟಸಾಲಿನ ಆಕಾರ. ಪೂರ್ವದಿಂದ ಬರುವವರಿಗೆ ಸಹ್ಯಾದ್ರಿ ಬೆಟ್ಟವೆಂದೇ ಅನಿಸುವುದಿಲ್ಲ. ಬೆಳಗಾವಿಯೇ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಚೋರ್ಲಾದ ನೆತ್ತಿ ಅದಕ್ಕಿಂತ ಬಹಳ ಮೇಲೇನಿಲ್ಲ. ಪಶ್ಚಿಮದ ಕಡೆ ಮಾತ್ರ ನೆಲ ಕೆಲವೇ ಕಿಲೋಮೀಟರುಗಳಲ್ಲಿ ಕರಾವಳಿಯ ಮಟ್ಟಕ್ಕೆ ಕುಸಿಯುತ್ತದೆ. ಹೀಗಾಗಿ ತರಕಾರಿ, ಈರುಳ್ಳಿ, ಸಕ್ಕರೆ ಹೇರಿಕೊಂಡು ಹೊರಟ ಗಾಡಿ ನೂರಾರು ಕಿಲೋಮೀಟರ್ ಸಮತಟ್ಟಿನಲ್ಲಿ ಓಡಿ, ಲೋಡ್ ತುಂಬಿರುವಾಗಲೇ, ಎಷ್ಟೋ ಸಲ ಚಾಲಕ ದಣಿದಿರುವ ನಸುಕಿನ ಹೊತ್ತಿನಲ್ಲೇ, ಕಡಿದಾದ ಇಳಿಜಾರಿನ ತುದಿಗೆ ಬಂದು ನಿಲ್ಲುತ್ತದೆ. ಘಟ್ಟದ ರಸ್ತೆಯಲ್ಲಿ ಏರುವುದು ಎಂಜಿನ್ನಿಗೆ ಕಷ್ಟ. ಇಳಿಯುವುದು ಮನುಷ್ಯನಿಗೆ ಕಷ್ಟ, ಅಪಾಯವೂ ಅಲ್ಲೇ ಹೆಚ್ಚು.

ರಸ್ತೆ ಕಟ್ಟುವ ಎಂಜಿನಿಯರುಗಳು ಈ ಇಳಿಜಾರಿಗೆ ಮಿತಿ ಹಾಕಿದ್ದಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದಂತೆ ಗುಡ್ಡಗಾಡು ಪ್ರದೇಶದಲ್ಲಿ ಸಾಮಾನ್ಯ ಏರು 20ಕ್ಕೆ 1, ಅಂದರೆ 20 ಮೀಟರ್ ಮುಂದೆ ಹೋದಾಗ 1 ಮೀಟರ್ ಎತ್ತರ. ಅನಿವಾರ್ಯವಾದ ಕಡೆ ಇದು ಶೇ 7ರವರೆಗೆ ಹೋಗಬಹುದು. ಹೇರ್‌ಪಿನ್ ತಿರುವಿನಲ್ಲಿ ಏರು ಇನ್ನೂ ಸೌಮ್ಯವಾಗಿ, 40ಕ್ಕೆ 1ರಷ್ಟೇ ಇರಬೇಕು. ಒಳಗಿನ ಬಳಸಿನ ತ್ರಿಜ್ಯ 14 ಮೀಟರಿಗಿಂತ ಕಡಿಮೆಯಾಗಬಾರದು. ಅಲ್ಲಿನ ವೇಗವನ್ನು ಗಂಟೆಗೆ 20 ಕಿಲೋಮೀಟರ್ ಎಂದು ಲೆಕ್ಕ ಹಿಡಿಯಲಾಗಿದೆ. ಎತ್ತಿನ ಗಾಡಿ, ಕುದುರೆಗಳ ಕಾಲದಲ್ಲಿ ಕಡಿದ ಹಳೆಯ ಘಟ್ಟದ ದಾರಿಗಳು ಈ ಅಳತೆಗೆ ಎಲ್ಲ ಕಡೆಯೂ ಹೊಂದುವುದಿಲ್ಲ. 14 ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯಲ್ಲಿ ಭಾರೀ ವಾಹನಗಳಿಗೆ ಪ್ರವೇಶ ಇಲ್ಲದಿರುವುದು ಇದೇ ಕಾರಣಕ್ಕೆ.

ಇಳಿಜಾರಿನಲ್ಲಿ ನಡೆಯುವುದೇನು ಎಂಬುದನ್ನು ಒಂದು ಲೆಕ್ಕ ಸ್ಪಷ್ಟಪಡಿಸುತ್ತದೆ. ಲೋಡ್ ಸಹಿತ 16 ಟನ್ ತೂಗುವ ಲಾರಿಯೊಂದು 500 ಮೀಟರ್ ಎತ್ತರದಿಂದ ಕೆಳಗಿಳಿಯಿತು ಎಂದುಕೊಳ್ಳಬೇಕು. ಅಷ್ಟು ಭಾರ ಅಷ್ಟು ಎತ್ತರದಿಂದ ಇಳಿಯುವಾಗ ಹೊರಬರುವ ಶಕ್ತಿ, ಸುಮಾರು 250 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಗಾಳಿಯ ತಡೆ, ಟಯರುಗಳ ಉಜ್ಜಾಟ ಅದರಲ್ಲಿ ಒಂದು ಪಾಲನ್ನು ನುಂಗುತ್ತವೆ. ಉಳಿದದ್ದನ್ನು ತಡೆಯಲು ಇರುವುದು ಎರಡೇ: ಒಂದು ಬ್ರೇಕ್, ಇನ್ನೊಂದು ಎಂಜಿನ್. ಬ್ರೇಕ್ ತಾನು ತಡೆದ ಶಕ್ತಿಯನ್ನೆಲ್ಲ ಶಾಖವಾಗಿ ಡ್ರಮ್ಮಿನಲ್ಲಿ, ಡಿಸ್ಕಿನಲ್ಲಿ ತುಂಬಿಕೊಳ್ಳುತ್ತದೆ, ಮತ್ತು ಆ ಶಾಖ ಆರುವುದಕ್ಕೆ ಸಮಯ ಬೇಕು. ಎಂಜಿನ್ ಹಾಗಲ್ಲ. ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿಯುವಾಗ ಗಾಲಿಗಳೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ, ಆ ಎಳೆತವೇ ಗಾಡಿಯನ್ನು ಹಿಡಿದಿಡುತ್ತದೆ. ಈ ತಡೆಗೆ ದಣಿವಿಲ್ಲ, ಘಟ್ಟದ ಬುಡದವರೆಗೂ ಒಂದೇ ಸಮ ಸಿಗುತ್ತದೆ.

ಯಾವ ಗೇರಿನಲ್ಲಿ ಏರುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬ ಹಳೆಯ ಚಾಲಕರ ಮಾತಿನ ಹಿಂದೆ ಇರುವ ವಿಜ್ಞಾನ ಇದು. ಹೊಸ ವಾಹನಗಳಲ್ಲಿ ಎಂಜಿನ್ ಬಲ ಹೆಚ್ಚು, ಒಳಗಿನ ಉಜ್ಜಾಟ ಕಡಿಮೆ. ಹಾಗಾಗಿ ಏರಿದ ಗೇರಿಗಿಂತಲೂ ಒಂದು ಗೇರ್ ಕೆಳಗಿಟ್ಟುಕೊಂಡು ಇಳಿಯಬೇಕಾಗಬಹುದು. ಗೇರನ್ನು ಆರಿಸುವ ಜಾಗ ಯಾವುದು ಎಂಬುದು ಅದಕ್ಕಿಂತ ಮುಖ್ಯ. ಅದು ಘಟ್ಟದ ತಲೆಯಲ್ಲೇ, ಇಳಿಜಾರು ಶುರುವಾಗುವ ಮೊದಲೇ ಆಗಬೇಕು. ಅರ್ಧ ದಾರಿಯಲ್ಲಿ, ವೇಗ ಏರಿದ ಮೇಲೆ, ಕೆಳಗಿನ ಗೇರಿಗೆ ಹಾಕಲು ಹೋದರೆ ಭಾರದ ಲಾರಿಯ ಗೇರ್ ಬೀಳದೇ ನ್ಯೂಟ್ರಲ್ಲಿನಲ್ಲೇ ಉಳಿದುಬಿಡುವ ಸಾಧ್ಯತೆ ಇದೆ. ಆಮೇಲೆ ಮೇಲಿನ ಗೇರೂ ಇಲ್ಲ, ಕೆಳಗಿನದೂ ಇಲ್ಲ.

ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ, ಇನ್ನೂ ಮುಂದೆ ಹೋಗಿ ಎಂಜಿನ್ನನ್ನೇ ಬಂದ್ ಮಾಡುವ ಅಭ್ಯಾಸ ಇಂದಿಗೂ ಪೂರ್ತಿ ಹೋಗಿಲ್ಲ. ಇದರಷ್ಟು ಕೆಟ್ಟ ಉಳಿತಾಯ ಬೇರೆ ಇಲ್ಲ. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನದ ಪೂರೈಕೆ ತಾನಾಗಿಯೇ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಿ ಮಾತ್ರ ಎಂಜಿನ್ ತಿರುಗುತ್ತಿರಲು ಇಂಧನ ಬೇಕೇ ಬೇಕು. ಎಂಜಿನ್ ಬಂದ್ ಮಾಡಿದರೆ ಪವರ್ ಸ್ಟಿಯರಿಂಗ್ ಕಲ್ಲಿನಂತೆ ಬಿಗಿಯಾಗುತ್ತದೆ, ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ.

ಬ್ರೇಕ್ ಕೈಕೊಡುವುದು ಸಾಮಾನ್ಯವಾಗಿ ಒಮ್ಮೆಗೇ ಅಲ್ಲ. ಕಾದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಲೈನರಿನ ಹಿಡಿತವೂ ಶಾಖಕ್ಕೆ ಕುಂದುತ್ತದೆ. ಸುಟ್ಟ ವಾಸನೆ ಮೊದಲ ಸೂಚನೆ. ಅದೇ ಬ್ರೇಕಿಗೆ ಮೊದಲಿಗಿಂತ ಜೋರಾಗಿ ತುಳಿಯಬೇಕಾಗಿ ಬರುವುದು ಎರಡನೆಯದು. ಕಾರು, ಜೀಪುಗಳಲ್ಲಿ ಇನ್ನೊಂದು ತೊಂದರೆ ಇದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ತೇವ ಹೀರಿದ ಆಯಿಲ್ 140 ಡಿಗ್ರಿಗೇ ಕುದಿಯಬಹುದು. ಕುದ್ದರೆ ನಳಿಕೆಯಲ್ಲಿ ಆವಿಯ ಗುಳ್ಳೆಗಳು ತುಂಬಿ, ಪೆಡಲ್ ತುಳಿದಾಗ ಆಯಿಲ್ ಬದಲು ಆವಿ ಅದುಮಿಕೊಂಡು ಕಾಲು ತಳ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕೆಂಬ ಸಲಹೆ ಮಳೆನಾಡಿನ ಘಟ್ಟಕ್ಕೆ ಹೋಗುವವರಿಗೆ ಹೆಚ್ಚು ಅನ್ವಯಿಸುತ್ತದೆ.

ಆದ್ದರಿಂದ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬಾರದು. ವೇಗ ಮಿತಿ ದಾಟಿದಾಗ ಕೆಲವು ಸೆಕೆಂಡು ಗಟ್ಟಿಯಾಗಿ ತುಳಿದು, ವೇಗ ಸಾಕಷ್ಟು ಇಳಿದ ಮೇಲೆ ಪೂರ್ತಿ ಬಿಡಬೇಕು. ಬಿಟ್ಟ ಹೊತ್ತಿನಲ್ಲಿ ಬ್ರೇಕ್ ಆರುತ್ತದೆ. ಏರ್ ಬ್ರೇಕಿನ ಲಾರಿ, ಬಸ್ಸುಗಳಲ್ಲಿ ಮೇಲಿಂದ ಮೇಲೆ ತುಳಿದು ಬಿಟ್ಟರೆ ಟ್ಯಾಂಕಿನ ಗಾಳಿ ಖಾಲಿಯಾಗುತ್ತದೆ, ಹೀಗಾಗಿ ಗಾಳಿಯ ಮೀಟರಿನ ಮೇಲೆ ಕಣ್ಣಿರಬೇಕು. ಹೊಗೆಯ ದಾರಿ ತಡೆದು ಎಂಜಿನ್ನಿನ ಎಳೆತ ಹೆಚ್ಚಿಸುವ ಎಕ್ಸಾಸ್ಟ್ ಬ್ರೇಕ್ ಇರುವ ಗಾಡಿಯಲ್ಲಿ ಅದನ್ನು ಘಟ್ಟದ ತಲೆಯಿಂದಲೇ ಹಾಕಿಕೊಳ್ಳುವುದು ಒಳ್ಳೆಯದು. ಬ್ರೇಕ್ ಪೂರ್ತಿ ಹೋದರೆ ಉಳಿಯುವ ದಾರಿಗಳು ಕಡಿಮೆ: ಸಿಕ್ಕಷ್ಟು ಕೆಳಗಿನ ಗೇರ್, ಹ್ಯಾಂಡ್ ಬ್ರೇಕನ್ನು ಮೆಲ್ಲಗೆ ಎಳೆಯುವುದು, ಕೊನೆಗೆ ಕಣಿವೆಯ ಕಡೆಗಲ್ಲದೆ ಗುಡ್ಡದ ಕಡೆಯ ಚರಂಡಿಗೆ, ಮಣ್ಣಿನ ದಿಬ್ಬಕ್ಕೆ ಗಾಡಿಯನ್ನು ಉಜ್ಜಿಸಿ ನಿಲ್ಲಿಸುವುದು.

ಇಂಥ ಅಪಾಯಕ್ಕೆ ದೊಡ್ಡ ಘಟ್ಟವೇ ಬೇಕೆಂದಿಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡ ಎತ್ತರದಲ್ಲಿ ಚಿಕ್ಕದು. ಆದರೆ ಬನದ ಹುಣ್ಣಿಮೆ, ಭರತ ಹುಣ್ಣಿಮೆಯ ಜಾತ್ರೆಗಳಲ್ಲಿ ಉತ್ತರ ಕರ್ನಾಟಕ, ಮಹಾರಾಷ್ಟ್ರದ ಹಳ್ಳಿಗಳಿಂದ ಜನ ಚಕ್ಕಡಿ, ಟ್ರ್ಯಾಕ್ಟರ್, ಟೆಂಪೊಗಳಲ್ಲಿ ಬಂದು ಜೋಗುಳಬಾವಿಯಲ್ಲಿ ಮಿಂದು ಗುಡ್ಡ ಹತ್ತುತ್ತಾರೆ. ವರ್ಷವಿಡೀ ಬಯಲಿನಲ್ಲಿ ಕಬ್ಬು ಎಳೆದ ಟ್ರ್ಯಾಕ್ಟರುಗಳೇ ಇಲ್ಲಿ ಜನರನ್ನು ಹೊತ್ತಿರುತ್ತವೆ. ಟ್ರ್ಯಾಕ್ಟರಿನ ಬ್ರೇಕ್ ಹಿಂಗಾಲಿಗೆ ಮಾತ್ರ, ಹಿಂದಿನ ಟ್ರೇಲರಿಗೆ ಎಷ್ಟೋ ಸಲ ಸ್ವಂತ ಬ್ರೇಕೇ ಇರುವುದಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಾಕಿದ ಕೂಡಲೇ ತುಂಬಿದ ಟ್ರೇಲರ್ ಹಿಂದಿನಿಂದ ಒತ್ತಿ, ತಿರುವಿನಲ್ಲಿ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸಿ ಮಗುಚಿಸಬಲ್ಲದು. ಎಡ–ಬಲ ಬ್ರೇಕ್ ಪೆಡಲುಗಳನ್ನು ಉಳುಮೆಗೆಂದು ಬಿಡಿಸಿಟ್ಟಿದ್ದರೆ ರಸ್ತೆಗಿಳಿಯುವ ಮುಂಚೆ ಅವನ್ನು ಕೊಂಡಿ ಹಾಕಿ ಸೇರಿಸಲೇಬೇಕು, ಇಲ್ಲದಿದ್ದರೆ ಒಂದೇ ಗಾಲಿ ಹಿಡಿದು ಗಾಡಿ ಸುತ್ತುತ್ತದೆ. ಜನ ತುಂಬಿದ ಟ್ರೇಲರ್ ಗುಡ್ಡ ಇಳಿಯುವುದಕ್ಕಿಂತ, ಗಾಡಿಯನ್ನು ಬುಡದಲ್ಲೇ ಬಿಟ್ಟು ನಡೆದು ಹತ್ತುವುದು ಸಾವಿರ ಪಾಲು ಮೇಲು.

ತಿರುವುಗಳಲ್ಲಿ ನೆನಪಿಡಬೇಕಾದ ಮೊದಲ ಸಂಗತಿ, ಉದ್ದನೆಯ ಗಾಡಿಯ ಹಿಂಗಾಲಿ ಮುಂಗಾಲಿಯ ಜಾಡಿನಲ್ಲೇ ಬರುವುದಿಲ್ಲ, ಒಳಕ್ಕೆ ಸರಿದು ಅಡ್ಡದಾರಿ ಹಿಡಿಯುತ್ತದೆ. ಬಸ್ಸೊಂದು ಹೇರ್‌ಪಿನ್ ತಿರುವು ದಾಟಲು ಎದುರಿನವರ ಪಾಲಿನ ರಸ್ತೆಯನ್ನೂ ಬಳಸಲೇಬೇಕು. ಅದು ಚಾಲಕನ ದಬ್ಬಾಳಿಕೆಯಲ್ಲ. ಅದಕ್ಕೆ ಸಣ್ಣ ವಾಹನದವರು ತಿರುವಿನೊಳಗೆ ನುಗ್ಗದೆ ಮೊದಲೇ ನಿಂತು ದೊಡ್ಡದಕ್ಕೆ ದಾರಿ ಬಿಡಬೇಕು. ಕಾಣದ ತಿರುವಿಗೆ ಮುನ್ನ ಹಾರ್ನ್, ರಾತ್ರಿಯಲ್ಲಿ ಡಿಪ್ಪರ್. ಗೇರ್ ಬದಲಾವಣೆ, ಬ್ರೇಕ್ ಎರಡೂ ತಿರುವಿನ ಮುಂಚೆಯೇ ಮುಗಿದಿರಬೇಕು. ಬೈಕಿನವರಿಗೆ ಇದು ಇನ್ನೂ ನಿಜ. ಓರೆಯಾಗಿ ತಿರುಗುತ್ತಿರುವ ಬೈಕಿಗೆ ಜಲ್ಲಿಪುಡಿ, ಒದ್ದೆ ಎಲೆ, ಲಾರಿಯಿಂದ ಸೋರಿದ ಡೀಸೆಲ್ಲಿನ ಮೇಲೆ ಬ್ರೇಕ್ ಬಿದ್ದರೆ ಟಯರ್ ಜಾರುತ್ತದೆ.

ಇಕ್ಕಟ್ಟಿನಲ್ಲಿ ಎರಡು ಗಾಡಿ ಎದುರಾದರೆ ಯಾರು ನಿಲ್ಲಬೇಕು ಎಂಬುದನ್ನು ದೇಶದ ರಸ್ತೆ ನಿಯಮಗಳು ಹೇಳಿವೆ: ಇಳಿಯುವವರು ಏರುವವರಿಗೆ ದಾರಿ ಬಿಡಬೇಕು. ಏರಿನಲ್ಲಿ ನಿಂತ ಭಾರದ ಗಾಡಿಯನ್ನು ಮತ್ತೆ ಹೊರಡಿಸುವಾಗ ಕ್ಲಚ್ ಸುಡುತ್ತದೆ, ಗಾಡಿ ಹಿಂದಕ್ಕೆ ಉರುಳುವ ಭಯವೂ ಇದೆ. ನಿಯಮ ಗೊತ್ತಿದ್ದರೂ ಎಲ್ಲಿ ಸರಿಯಬೇಕು ಎಂಬುದನ್ನು ಕಣ್ಣೇ ಅಳೆಯಬೇಕು. ಕಣಿವೆಯ ಅಂಚಿನ ಮಣ್ಣು, ಅದರಲ್ಲೂ ಮಳೆ ಕುಡಿದ ಮಣ್ಣು, ಲಾರಿಯ ಭಾರ ತಾಳುವುದಿಲ್ಲ. ಗುಡ್ಡದ ಬದಿಯವನಿಗೆ ಚರಂಡಿಯತ್ತ ಸರಿಯಲು ಜಾಗವಿದ್ದರೆ ಸರಿಯಬೇಕಾದವನು ಅವನೇ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು, ತರಕಾರಿ ಒಯ್ಯುತ್ತಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನಲ್ಲಿ ಕಣಿವೆಗೆ ಬಿದ್ದು 10 ಜನ ಸತ್ತರು. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಲಾರಿ ಎಡಕ್ಕೆ ಹೆಚ್ಚು ಸರಿದದ್ದೇ ಕಾರಣವೆಂದು ಪೊಲೀಸರು ಹೇಳಿದ್ದರು. ಸತ್ತವರು ತಮ್ಮ ಸರಕಿನ ಜೊತೆಗೇ ಲಾರಿಯಲ್ಲಿ ಹೊರಟಿದ್ದ ವ್ಯಾಪಾರಿಗಳು. ಸರಕಿನ ಗಾಡಿಯಲ್ಲಿ ಹೀಗೆ ಜನರನ್ನು ಒಯ್ಯುವುದು ಕಾನೂನಿಗೆ ವಿರುದ್ಧ ಎಂದಷ್ಟೇ ಹೇಳಿ ಮುಗಿಸಿದರೆ ಅನ್ಯಾಯವಾದೀತು. ಬೆಳಗಿನ ಸಂತೆಗೆ ಸರಕಿನೊಂದಿಗೆ ತಲುಪಲು ಬಡ ವ್ಯಾಪಾರಿಗೆ ಬೇರೆ ಸಾಧನ ಸಿಗುವವರೆಗೆ, ಘಟ್ಟದ ಅಂಚಿಗೆ ಗಟ್ಟಿ ತಡೆಗೋಡೆ ಬರುವವರೆಗೆ, ಆ ಕಾನೂನು ಕಾಗದದ ಮೇಲೇ ಉಳಿಯುತ್ತದೆ.

ಮಳೆಗಾಲ ಬಂದರೆ ಘಟ್ಟದ ಸ್ವಭಾವವೇ ಬೇರೆ. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಾಟಿಯಲ್ಲಿ ಹಲವೆಡೆ ಗುಡ್ಡ ಕುಸಿದು ಸಂಚಾರ ನಿಂತಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗೆಂದು ಕಡಿದ ಗುಡ್ಡ ಕುಸಿದಾಗ ರಸ್ತೆಬದಿಯ ಚಹಾ ಅಂಗಡಿ, ನಿಂತಿದ್ದ ವಾಹನಗಳು ಕೊಚ್ಚಿಹೋದವು. ಒಂದು ಲಾರಿಯನ್ನು ಗಂಗಾವಳಿ ನದಿಯಿಂದ ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ಕಡಿದ ಗುಡ್ಡದ ಕೆಳಗೆ ಮಳೆಯಲ್ಲಿ ಗಾಡಿ ನಿಲ್ಲಿಸಬಾರದು. ಗುಡ್ಡದ ಗೋಡೆಯಿಂದ ಹೊಸದಾಗಿ ಕೆಸರು ನೀರು ಹರಿಯತೊಡಗಿದ್ದರೆ, ಸಣ್ಣ ಕಲ್ಲು ಉದುರುತ್ತಿದ್ದರೆ ಅಲ್ಲಿಂದ ದೂರ ಹೋಗಬೇಕು. ಮಂಜು ಕವಿದಾಗ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ವಾಪಸಾಗುತ್ತದೆ. ಲೋ ಬೀಮ್‌ನಲ್ಲಿ, ಕಾಣುವಷ್ಟು ದೂರದೊಳಗೆ ನಿಲ್ಲಬಲ್ಲ ವೇಗದಲ್ಲಿ ಹೋಗುವುದೊಂದೇ ಉಪಾಯ.

ಕರ್ನಾಟಕದಲ್ಲಿ ಅತಿ ಎತ್ತರದ ಮುಳ್ಳಯ್ಯನಗಿರಿಯೂ 1,930 ಮೀಟರ್ ಅಷ್ಟೇ, ಅಲ್ಲಿ ಗಾಳಿ ತೆಳುವಾದರೂ ಎಂಜಿನ್ನಿಗೆ ದೊಡ್ಡ ತೊಂದರೆಯಿಲ್ಲ. ಹಿಮಾಲಯದ ಮಾತು ಬೇರೆ. ಬೆಳಗಾವಿ ಸೀಮೆಯಿಂದ ಸೇನೆ ಸೇರಿ ಲಡಾಖಿನಲ್ಲಿ ಕೆಲಸ ಮಾಡಿದವರೂ ಈಚೆಗೆ ಬೈಕ್, ಕಾರಿನಲ್ಲಿ ಅಲ್ಲಿಗೆ ಹೋಗುವ ಯುವಕರೂ ಈ ವ್ಯತ್ಯಾಸ ಬಲ್ಲರು. ಖಾರ್ದುಂಗ್ ಲಾ ಕಣಿವೆದಾರಿ 5,359 ಮೀಟರ್ ಎತ್ತರದಲ್ಲಿದೆ. ಗಡಿ ರಸ್ತೆಗಳ ಸಂಸ್ಥೆ ಕಟ್ಟಿದ ಉಮ್ಲಿಂಗ್ ಲಾ ರಸ್ತೆ 5,798 ಮೀಟರಿಗೆ ಏರುತ್ತದೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕಡಲತಡಿಯ ಅರ್ಧದಷ್ಟು. ಟರ್ಬೊ ಇಲ್ಲದ ಎಂಜಿನ್ನಿನ ಬಲವೂ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಹಾಗಾಗಿ ಏರಿನಲ್ಲಿ ಓವರ್‌ಟೇಕ್ ಮಾಡುವ ಲೆಕ್ಕಾಚಾರವೆಲ್ಲ ತಪ್ಪುತ್ತದೆ. ಚಾಲಕನ ತಲೆನೋವು, ವಾಕರಿಕೆ, ಮಂದ ಬುದ್ಧಿ ಆಮ್ಲಜನಕದ ಕೊರತೆಯ ಗುರುತುಗಳು. ಲೇಹ್ ತಲುಪಿದ ಮೇಲೆ ಕನಿಷ್ಠ ಎರಡು ದಿನ ವಿಶ್ರಾಂತಿ ಪಡೆಯದೆ ಮೇಲಕ್ಕೆ ಹೊರಡಬಾರದೆನ್ನುವುದು ಇದಕ್ಕೇ. ಚಳಿಗಾಲದಲ್ಲಿ ಸಾಮಾನ್ಯ ಡೀಸೆಲ್ ಗಟ್ಟಿಯಾಗುವುದರಿಂದ 2019ರಿಂದ ಲಡಾಖಿನಲ್ಲಿ –33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ಮಾರಾಟಕ್ಕಿದೆ.

ಎತ್ತರದ ಇನ್ನೊಂದು ಪರಿಣಾಮ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಕಾರು, ಜೀಪುಗಳ ಬ್ರೇಕ್ ಪೆಡಲಿಗೆ ಬಲ ಕೂಡಿಸುವ ವ್ಯಾಕ್ಯೂಮ್ ಬೂಸ್ಟರ್ ಕೆಲಸ ಮಾಡುವುದೇ ಹೊರಗಿನ ಗಾಳಿಯ ಒತ್ತಡದಿಂದ. ಒತ್ತಡ ಅರ್ಧವಾದರೆ ಬೂಸ್ಟರ್ ಕೊಡುವ ನೆರವೂ ಅರ್ಧಕ್ಕಿಳಿಯುತ್ತದೆ. ಬ್ರೇಕ್ ಕೆಟ್ಟಿರುವುದಿಲ್ಲ, ಆದರೆ ಕಣಿವೆದಾರಿಯ ನೆತ್ತಿಯಿಂದ ಇಳಿಯತೊಡಗಿದವರಿಗೆ ಪೆಡಲ್ ಗಟ್ಟಿಯಾಗಿ, ಗಾಡಿ ತಡವಾಗಿ ನಿಲ್ಲುತ್ತದೆ. ಎಂಜಿನ್ನಿನ ತಡೆಯೂ ತೆಳುಗಾಳಿಯಲ್ಲಿ ಕೊಂಚ ಕಡಿಮೆಯೇ. ಅದಕ್ಕೆ ಅಲ್ಲಿ ಮೊದಲ ಅಥವಾ ಎರಡನೇ ಗೇರಿನಲ್ಲೇ, ಮುಂದಿನ ಗಾಡಿಯಿಂದ ಸಾಕಷ್ಟು ದೂರ ಬಿಟ್ಟು ಇಳಿಯುತ್ತಾರೆ.