ಉಳಿಸಿಟ್ಟ ಆಟ ಯಾರ ಕೈಯಲ್ಲಿದೆ?

2018ರ ಜೂನ್ 12ರಂದು ‘ಫೋರ್ಟ್‌ನೈಟ್’ ಎಂಬ ವಿಡಿಯೋ ಆಟ ಜಪಾನಿನ ನಿಂಟೆಂಡೊ ಕಂಪನಿಯ ‘ಸ್ವಿಚ್’ ಯಂತ್ರಕ್ಕೆ ಬಂತು. ಅದಕ್ಕೆ ಮೊದಲೇ ಸೋನಿ ಕಂಪನಿಯ ಪ್ಲೇಸ್ಟೇಷನ್ 4ರಲ್ಲಿ ತಿಂಗಳುಗಟ್ಟಲೆ ಇದೇ ಆಟ ಆಡಿದ್ದ ಮಕ್ಕಳು, ಹೊಸ ಯಂತ್ರದಲ್ಲೂ ತಮ್ಮ ಹಳೆಯ ಖಾತೆಯ ಹೆಸರನ್ನೇ ಕೊಟ್ಟು ಒಳಹೋಗಲು ನೋಡಿದರು. ಬಾಗಿಲು ತೆರೆಯಲಿಲ್ಲ. ಈ ಖಾತೆ ಬೇರೆ ಯಂತ್ರದ ಜೊತೆ ಸೇರಿಕೊಂಡಿದೆ, ಇಲ್ಲಿ ನಡೆಯದು ಎಂಬ ಅರ್ಥದ ಉತ್ತರ ತೆರೆಯ ಮೇಲೆ ಮೂಡಿತು. ಆಟವೂ ಒಂದೇ, ಆಡುವವನೂ ಒಬ್ಬನೇ. ಆದರೆ ಗೆದ್ದ ಹಂತಗಳು, ಅಪ್ಪ-ಅಮ್ಮನ ಹಣದಲ್ಲಿ ಕೊಂಡ ವೇಷಗಳು ಹಳೆಯ ಖಾತೆಯಲ್ಲೇ ಉಳಿದವು. ಹೊಸ ಖಾತೆ ತೆರೆದು ಮೊದಲಿನಿಂದ ಶುರು ಮಾಡಬೇಕಾಯಿತು. ವಿಚಿತ್ರವೆಂದರೆ, ಅದೇ ಹಳೆಯ ಖಾತೆ ಕಂಪ್ಯೂಟರಿನಲ್ಲೂ ಐಫೋನಿನಲ್ಲೂ ಚೆನ್ನಾಗಿಯೇ ತೆರೆಯುತ್ತಿತ್ತು!

ಟೀವಿಗೆ ಜೋಡಿಸಿ ಆಡುವ ಇಂಥ ಯಂತ್ರಗಳಿಗೆ ‘ಕನ್ಸೋಲ್’ ಎಂದು ಹೆಸರು. ಆಡಿದಷ್ಟನ್ನು ನೆನಪಿಟ್ಟುಕೊಂಡು ಮರುದಿನ ಅಲ್ಲಿಂದಲೇ ಮುಂದುವರಿಸಲು ಅನುವು ಮಾಡುವ ಕಡತವೇ ‘ಸೇವ್’. ಹಿರಿಯರಿಗೆ ಇದು ಕ್ಷುಲ್ಲಕವೆನಿಸಬಹುದು. ಆದರೆ ಕೆಲವು ದೊಡ್ಡ ಆಟಗಳನ್ನು ಮುಗಿಸಲು ಐವತ್ತು, ನೂರು ಗಂಟೆಗಳೇ ಬೇಕು. ಆಟವನ್ನು ಮಾಡಿದ್ದು ಕಂಪನಿ. ಸೇವ್ ಮಾತ್ರ ಮಗು ಮಾಡಿದ್ದು. ಅದು ಅಳಿಸಿಹೋಗಿ ಮಗು ಅತ್ತರೆ, ‘ಆಟ ತಾನೆ, ಹೋಗಲಿ ಬಿಡು’ ಎಂದು ಗದರುವ ಮೊದಲು ಈ ವ್ಯತ್ಯಾಸವನ್ನು ನೆನೆಯುವುದು ಒಳ್ಳೆಯದು.

1990ರ ದಶಕದಲ್ಲಿ ನಮ್ಮ ಊರುಗಳಿಗೆ ಬಂದ ‘ಟೀವಿ ಗೇಮ್’ಗಳನ್ನು ಈಗಿನ ಅಪ್ಪಂದಿರು ಮರೆತಿರಲಾರರು. ಅವುಗಳಲ್ಲಿ ಹೆಚ್ಚಿನವು ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ತಂದ ‘ಫ್ಯಾಮಿಕಾಮ್’ ಯಂತ್ರದ ನಕಲುಗಳು. ಎಲ್ಲವೂ ಒಂದೇ ಅಚ್ಚಿನವಾದ್ದರಿಂದ ಪಕ್ಕದ ಮನೆಯ ‘ಕ್ಯಾಸೆಟ್’ ನಮ್ಮ ಯಂತ್ರಕ್ಕೂ ಹಿಡಿಸುತ್ತಿತ್ತು. ಆಟ ಹಂಚಿಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಸೇವ್ ಮಾತ್ರ ಇರಲಿಲ್ಲ. ಮಾರಿಯೋ ಏಳನೆಯ ಲೋಕ ಮುಟ್ಟುವ ಹೊತ್ತಿಗೆ ಕರೆಂಟ್ ಹೋಯಿತೆಂದರೆ ಮತ್ತೆ ಮೊದಲನೆಯ ಲೋಕದಿಂದಲೇ!

ಜಪಾನಿನಲ್ಲಿ ಇದಕ್ಕೆ ಕಂಡುಕೊಂಡ ಒಂದು ಉಪಾಯ ಕಾಗದ ಮತ್ತು ಪೆನ್ಸಿಲು. 1986ರ ‘ಡ್ರ್ಯಾಗನ್ ಕ್ವೆಸ್ಟ್’ ಆಟ ನಿಲ್ಲಿಸುವಾಗ ಇಪ್ಪತ್ತು ಜಪಾನಿ ಅಕ್ಷರಗಳ ಒಂದು ‘ಮಂತ್ರ’ ತೆರೆಯ ಮೇಲೆ ಬರುತ್ತಿತ್ತು. ಅದನ್ನು ಬರೆದುಕೊಂಡು ಮರುದಿನ ತಪ್ಪಿಲ್ಲದೆ ಒತ್ತಬೇಕು. ಮರುವರ್ಷದ ಎರಡನೆಯ ಭಾಗದಲ್ಲಿ ಅಕ್ಷರಗಳು 52ರವರೆಗೂ ಏರಿದವು. ಒಂದು ಅಕ್ಷರ ತಪ್ಪಿದರೂ ಆಟ ತೆರೆಯದು. ಉಕ್ತಲೇಖನದಲ್ಲಿ ಇಷ್ಟು ಎಚ್ಚರ ವಹಿಸಿದರೆ ಭಾಷಾ ಮೇಷ್ಟರುಗಳಿಗೆ ಬೇರೆ ಏನು ಬೇಕು! ಆದರೂ ಈ ಪದ್ಧತಿಯಲ್ಲಿ ಒಂದು ಗುಣವಿತ್ತು: ಗೆಳೆಯನ ಮನೆಯಲ್ಲಿ ಅದೇ ಆಟವಿದ್ದರೆ, ಚೀಟಿ ಹಿಡಿದುಕೊಂಡು ಹೋಗಿ ಅಲ್ಲಿಯೇ ಮುಂದುವರಿಸಬಹುದಿತ್ತು.

ಅನಂತರ ಬಂದದ್ದು ಬ್ಯಾಟರಿ. 1987ರಲ್ಲಿ ಅಮೆರಿಕದಲ್ಲಿ ಮಾರಾಟವಾದ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಕ್ಯಾಸೆಟ್ಟಿನೊಳಗೆ ಒಂದು ಸ್ಮೃತಿ ಚಿಪ್ಪು, ಅದಕ್ಕೆ ಬೆಸುಗೆ ಹಾಕಿದ ನಾಣ್ಯದಂಥ ಬ್ಯಾಟರಿ ಇತ್ತು. ಯಂತ್ರ ಆರಿಸಿದರೂ ಬ್ಯಾಟರಿಯ ಅಲ್ಪ ವಿದ್ಯುತ್ತು ಚಿಪ್ಪಿನ ನೆನಪನ್ನು ಜೀವಂತವಾಗಿಡುತ್ತಿತ್ತು. ಹತ್ತಿಪ್ಪತ್ತು ವರ್ಷ ಕಳೆದು ಬ್ಯಾಟರಿ ಸತ್ತರೆ ಸೇವ್ ಕೂಡ ಸತ್ತಂತೆ. ಇಲ್ಲಿ ಆಟ ಮತ್ತು ಸೇವ್ ಎರಡೂ ಒಂದೇ ಡಬ್ಬಿಯಲ್ಲಿದ್ದವು. ಕ್ಯಾಸೆಟ್ ಕೊಟ್ಟರೆ ಸೇವ್ ಕೂಡ ಕೊಟ್ಟ ಹಾಗೆ. ಗೆಳೆಯ ಹಿಂದಿರುಗಿಸುವಾಗ ಅದು ಹಾಗೆಯೇ ಇರುತ್ತದೆಯೆ ಎಂಬುದು ಗೆಳೆತನದ ಮೇಲೆ ನಿಂತ ವಿಷಯವಾಗಿತ್ತು.

ಸೇವನ್ನು ಆಟದಿಂದ ಬೇರ್ಪಡಿಸಿ ಜೇಬಿಗೆ ಹಾಕಿದ್ದು ಎಸ್‌ಎನ್‌ಕೆ ಎಂಬ ಜಪಾನಿ ಕಂಪನಿ. 1990ರ ಅದರ ‘ನಿಯೋ ಜಿಯೋ’ದಲ್ಲಿ ಒಂದು ಮೆಮೊರಿ ಕಾರ್ಡಿತ್ತು. ಆಟದಂಗಡಿಯ ದೊಡ್ಡ ಯಂತ್ರದಲ್ಲಿ ಅರ್ಧ ಆಡಿ, ಕಾರ್ಡಿಗೆ ತುಂಬಿಕೊಂಡು, ಮನೆಯ ಯಂತ್ರದಲ್ಲಿ ಉಳಿದರ್ಧ ಮುಗಿಸಬಹುದಾಗಿತ್ತು. 1994ರಲ್ಲಿ ಬಂದ ಪ್ಲೇಸ್ಟೇಷನ್ನಿನ ಕಾರ್ಡು ಇನ್ನೂ ಜನಪ್ರಿಯವಾಯಿತು. ಅದರ ಸಾಮರ್ಥ್ಯ ಕೇವಲ 128 ಕಿಲೋಬೈಟ್. ಉಪಯೋಗಕ್ಕೆ ಸಿಗುತ್ತಿದ್ದುದು ಹದಿನೈದು ಕೋಣೆಗಳು. ಇಂದು ಮೊಬೈಲಿನಲ್ಲಿ ತೆಗೆಯುವ ಒಂದೇ ಒಂದು ಚಿತ್ರ ಅದರಲ್ಲಿ ಹಿಡಿಸುವುದಿಲ್ಲ. ಹದಿನೈದು ಆಟಗಳ ಶ್ರಮ ಮಾತ್ರ ಹಿಡಿಸುತ್ತಿತ್ತು.

ಅಂದಮೇಲೆ ಸೇವ್ ಒಂದು ಪುಟ್ಟ ಕಡತ. ಒಂದು ಕಂಪನಿಯ ಯಂತ್ರದಿಂದ ಇನ್ನೊಂದಕ್ಕೆ ಒಯ್ಯಲು ತೊಡಕೇನು?

ಹಿಂದುಮುಂದಾದ ಅಂಕಿಗಳು

ಒಂದು ತೊಡಕು ನಿಜಕ್ಕೂ ವಿಜ್ಞಾನದ್ದೇ. ಇಪ್ಪತ್ತೊಂದು ಎನ್ನುವಾಗ ಕನ್ನಡದಲ್ಲಿ ಹತ್ತರ ಸ್ಥಾನ ಮೊದಲು, ಬಿಡಿ ಸ್ಥಾನ ಆಮೇಲೆ. ಸಂಸ್ಕೃತದ ‘ಏಕವಿಂಶತಿ’ಯಲ್ಲಿ ಬಿಡಿ ಮೊದಲು. ಸಂಖ್ಯೆ ಒಂದೇ, ಹೇಳುವ ಕ್ರಮ ಬೇರೆ. ಕಂಪ್ಯೂಟರ್ ಚಿಪ್ಪುಗಳಲ್ಲೂ ಇಂಥ ಎರಡು ಪಂಗಡಗಳಿವೆ. ಒಂದು ಬೈಟಿನಲ್ಲಿ 0ಯಿಂದ 255ರವರೆಗೆ ಮಾತ್ರ ಬರೆಯಬಹುದು. 1000 ಎಂದು ಬರೆಯಲು ಎರಡು ಬೈಟು ಬೇಕು: 256ರ ಮೂರು ಕಟ್ಟು, ಜೊತೆಗೆ ಬಿಡಿ 232. ಪ್ಲೇಸ್ಟೇಷನ್ 3 ಇದನ್ನು 3, 232 ಎಂಬ ಕ್ರಮದಲ್ಲಿ ಇಡುತ್ತಿತ್ತು. ಪ್ಲೇಸ್ಟೇಷನ್ 4 ಇಡುವುದು 232, 3 ಎಂದು. ಒಂದರ ಬರಹವನ್ನು ಇನ್ನೊಂದು ತನ್ನ ಕ್ರಮದಲ್ಲೇ ಓದಿದರೆ 232 ಕಟ್ಟು, ಬಿಡಿ 3. ಆಟದಲ್ಲಿ ಕೂಡಿಟ್ಟ 1000 ನಾಣ್ಯ 59,395 ಆಗಿಬಿಡುತ್ತದೆ! (ಮಕ್ಕಳು ಲೆಕ್ಕ ಮಾಡಿ ನೋಡಬಹುದು.) ನಾಣ್ಯಕ್ಕಾದರೆ ಸಂತೋಷವೇ, ಕಥಾನಾಯಕ ನಿಂತ ಜಾಗವೂ ಹೀಗೆ ಬದಲಾದರೆ ಆಟ ಕೆಟ್ಟು ಕೂರುತ್ತದೆ.

ಆದರೆ ಇದು ಅನುವಾದದಿಂದ ನಿವಾರಣೆಯಾಗುವ ತೊಡಕು. ‘ಮೈನ್‌ಕ್ರಾಫ್ಟ್’ ಆಟದಲ್ಲಿ ಪ್ಲೇಸ್ಟೇಷನ್ 3ರಲ್ಲಿ ಕಟ್ಟಿದ ಲೋಕವನ್ನು 4ಕ್ಕೆ ಒಯ್ಯಲು ಅವಕಾಶ ಮಾಡಿಕೊಟ್ಟಿದ್ದರು. ‘ವಿಚರ್ 3’ ಆಟ 2020ರಿಂದ ಕಂಪ್ಯೂಟರಿನ ಸೇವನ್ನು ಸ್ವಿಚ್ಚಿಗೂ, ಸ್ವಿಚ್ಚಿನದನ್ನು ಕಂಪ್ಯೂಟರಿಗೂ ದಾಟಿಸುವ ಸೌಲಭ್ಯ ಪಡೆಯಿತು.

ಎರಡನೆಯ ತೊಡಕು ಬೀಗ. ಸೇವ್ ಕಡತಕ್ಕೆ ಯಂತ್ರ ತನ್ನ ಗುಪ್ತ ಮುದ್ರೆ ಒತ್ತಿರುತ್ತದೆ; ಮುದ್ರೆ ಹೊಂದದಿದ್ದರೆ ಓದುವುದಿಲ್ಲ. ಇದನ್ನು ಬರೀ ದುರಾಸೆ ಎನ್ನುವಂತಿಲ್ಲ. 2008ರಲ್ಲಿ ಕೆಲವರು ಜೆಲ್ಡಾ ಸರಣಿಯ ಒಂದು ಆಟದ ಸೇವನ್ನೇ ಜಾಣತನದಿಂದ ತಿದ್ದಿ, ಅದರ ಮೂಲಕ ನಿಂಟೆಂಡೊದ ‘ವೀ’ ಯಂತ್ರದಲ್ಲಿ ಕಂಪನಿ ಒಪ್ಪದ ತಂತ್ರಾಂಶಗಳನ್ನು ಓಡಿಸಿದ್ದರು. ಕಿಟಕಿ ತೆರೆದಿಟ್ಟರೆ ಗಾಳಿಯ ಜೊತೆ ಸೊಳ್ಳೆಯೂ ಬರುತ್ತದೆ.

ಮೂರನೆಯದು ವ್ಯಾಪಾರ. ಫೋರ್ಟ್‌ನೈಟ್ ವಿಷಯದಲ್ಲಿ ಮೇಲಿನ ಎರಡು ಕಾರಣಗಳೂ ಇರಲಿಲ್ಲ. ಆಟದ ಪ್ರಗತಿಯೆಲ್ಲ ಇದ್ದದ್ದು ಅದನ್ನು ತಯಾರಿಸಿದ ಎಪಿಕ್ ಕಂಪನಿಯ ದೂರದ ಕಂಪ್ಯೂಟರುಗಳಲ್ಲಿ. ಮಕ್ಕಳು, ಪಾಲಕರು ಮೂರು ತಿಂಗಳು ಗಲಾಟೆ ಮಾಡಿದ ಮೇಲೆ 2018ರ ಸೆಪ್ಟೆಂಬರ್ 26ರಂದು ಸೋನಿ ಬಾಗಿಲು ತೆರೆಯಿತು. ಅದಕ್ಕಾಗಿ ಯಾರ ಮನೆಯ ಪೆಟ್ಟಿಗೆಗೂ ಹೊಸ ಚಿಪ್ಪು ಹಾಕಬೇಕಾಗಲಿಲ್ಲ. 2021ರಲ್ಲಿ ಎಪಿಕ್ ಮತ್ತು ಆಪಲ್ ನಡುವೆ ಅಮೆರಿಕದಲ್ಲಿ ನಡೆದ ವ್ಯಾಜ್ಯದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಪ್ಲೇಸ್ಟೇಷನ್ನಿನಲ್ಲಿ ಆಡುವವರು ಬೇರೆ ಕಡೆ ಹೆಚ್ಚು ಹಣ ಖರ್ಚು ಮಾಡತೊಡಗಿದರೆ ಆಟದ ತಯಾರಕರು ಸೋನಿಗೆ ನಷ್ಟ ತುಂಬಿಕೊಡಬೇಕು ಎಂಬ ನಿಯಮವಿತ್ತು!

ಪಾಲಕರು ಕೇಳಬೇಕಾದದ್ದು

ಅಂಗಡಿಯಲ್ಲಿ ಯಂತ್ರ ಕೊಳ್ಳುವಾಗ ಎಲ್ಲರೂ ಬೆಲೆ ಕೇಳುತ್ತಾರೆ. ಸೇವ್ ಎಲ್ಲಿ ಉಳಿಯುತ್ತದೆ ಎಂದು ಕೇಳುವವರು ಕಡಿಮೆ. ಸ್ವಿಚ್ಚಿನಲ್ಲಿ ಆಟಗಳನ್ನು ಪುಟ್ಟ ಮೆಮೊರಿ ಕಾರ್ಡಿನಲ್ಲಿ ಇಡಬಹುದು. ಸೇವ್ ಮಾತ್ರ ಯಂತ್ರದ ಹೊಟ್ಟೆಯಲ್ಲೇ. ಕಾರ್ಡು ತೆಗೆದಿಟ್ಟುಕೊಂಡು ‘ಎಲ್ಲ ಭದ್ರ’ ಎಂದು ಯಂತ್ರ ಮಾರಿದರೆ ಮಗುವಿನ ನೂರು ಗಂಟೆ ಕೊಂಡವನ ಪಾಲು. ಪ್ಲೇಸ್ಟೇಷನ್ 4ರಲ್ಲಿ ಸೇವನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಬಹುದು. ಕಂಪನಿಯ ಕಂಪ್ಯೂಟರಿನಲ್ಲಿ ಪ್ರತಿ ಇಡಲು ಸೋನಿ ಮತ್ತು ನಿಂಟೆಂಡೊ ಚಂದಾ ಕೇಳುತ್ತವೆ. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಕೇಳುವುದಿಲ್ಲ. ಚಂದಾ ಕಟ್ಟಿದರೂ ಸ್ವಿಚ್ಚಿನ ‘ಸ್ಪ್ಲಾಟೂನ್ 2’ರಂಥ ಕೆಲವು ಆಟಗಳಿಗೆ ಈ ಸೌಲಭ್ಯ ಕೊಡಲಿಲ್ಲ. ಹಳೆಯ ಪ್ರತಿಯನ್ನು ತಿರುಗಿ ತಂದು ಮೋಸದ ಆಟ ಆಡಬಾರದೆಂದು.

ಆಟ ಹಂಚಿಕೊಳ್ಳುವುದೂ ಮೊದಲಿನಷ್ಟು ಸರಳವಿಲ್ಲ. 2013ರ ಜೂನಿನಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ಯಂತ್ರಕ್ಕೆ ಆಟದ ತಟ್ಟೆಗಳನ್ನು ಕೈಬದಲಿಸುವುದರ ಮೇಲೆ ಕಟ್ಟುಪಾಡು ಹೇರಲು ಹೊರಟಿತು. ಸೋನಿ ಆಗ ಅರ್ಧ ನಿಮಿಷವೂ ಇಲ್ಲದ ಒಂದು ಚಿತ್ರ ಹೊರತಂದಿತು. ಅದರಲ್ಲಿ ಒಬ್ಬ ಅಧಿಕಾರಿ ಇನ್ನೊಬ್ಬರ ಕೈಗೆ ಆಟದ ತಟ್ಟೆ ಕೊಡುತ್ತಾರೆ, ಅವರು ವಂದನೆ ಹೇಳುತ್ತಾರೆ, ಅಷ್ಟೆ. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಮಾತು ಹಿಂತೆಗೆದುಕೊಂಡಿತು. ಆದರೆ ಈಗ ಹೆಚ್ಚಿನ ಆಟಗಳು ತಟ್ಟೆಯಲ್ಲಿ ಬರದೆ ಅಂತರ್ಜಾಲದಿಂದ ನೇರವಾಗಿ ಇಳಿಯುವುದರಿಂದ ಕೈಗೆ ಕೊಡಲು ವಸ್ತುವೇ ಇಲ್ಲ. ನಿಂಟೆಂಡೊ 2025ರ ಏಪ್ರಿಲಿನಲ್ಲಿ ತಂದ ಏರ್ಪಾಡಿನಂತೆ ಇಂಥ ಆಟವನ್ನು ಕುಟುಂಬದೊಳಗೆ ಎರಡು ವಾರದ ಮಟ್ಟಿಗೆ ಎರವಲು ಕೊಡಬಹುದು, ಗ್ರಂಥಾಲಯದ ಪುಸ್ತಕದಂತೆ. ಇದನ್ನು ಬಿಟ್ಟು ಗೆಳೆಯನಿಗೆ ಖಾತೆಯ ಪಾಸ್‌ವರ್ಡನ್ನೇ ಕೊಟ್ಟುಬಿಡುವ ಮಕ್ಕಳಿದ್ದಾರೆ. ಆ ಖಾತೆಗೆ ಅಪ್ಪನ ಬ್ಯಾಂಕ್ ಕಾರ್ಡು ಜೋಡಿಸಿದ್ದರೆ ಹಂಚಿದ್ದು ಆಟವನ್ನಷ್ಟೇ ಅಲ್ಲ.

ಸೇವಿನಲ್ಲಿರುವುದನ್ನು ಯಂತ್ರದಿಂದ ಯಂತ್ರಕ್ಕೆ ಅತಿ ದೂರ ಒಯ್ದ ದಾಖಲೆ ಬಹುಶಃ ‘ಪೋಕೆಮಾನ್’ ಆಟದ್ದು. 2002ರಲ್ಲಿ ಗೇಮ್‌ಬಾಯ್ ಅಡ್ವಾನ್ಸ್ ಎಂಬ ಕೈಯಂತ್ರದಲ್ಲಿ ಹಿಡಿದ ಒಂದು ಪ್ರಾಣಿಯನ್ನು, ನಡುವಿನ ಡಿಎಸ್ ಮತ್ತು 3ಡಿಎಸ್ ಯಂತ್ರಗಳ ಮೂಲಕ ಹಾಯಿಸಿ 2020ರಲ್ಲಿ ಸ್ವಿಚ್ಚಿಗೆ ತರಬಹುದಾಗಿತ್ತು. ಎಲ್ಲ ಸೇತುವೆಗಳೂ ಏಕಮುಖ. ದಾಟಿದ ಪ್ರಾಣಿ ಹಿಂದಿರುಗದು. ಕೊನೆಯ ಸೇತುವೆಗಳಲ್ಲೊಂದಾದ ‘ಪೋಕೆಮಾನ್ ಬ್ಯಾಂಕ್’ ಎಂಬ ತಂತ್ರಾಂಶ ಸಿಗುತ್ತಿದ್ದುದು 3ಡಿಎಸ್‌ನ ಅಂತರ್ಜಾಲ ಅಂಗಡಿಯಲ್ಲಿ. ಆ ಅಂಗಡಿಯನ್ನು 2023ರ ಮಾರ್ಚ್ 27ರಂದು ಮುಚ್ಚಿದರು. ಹಳೆಯ ಪ್ರಾಣಿ ಇನ್ನೂ ಕ್ಯಾಸೆಟ್ಟಿನಲ್ಲೇ ಉಳಿದವರು, ಅದಕ್ಕೆ ಮೊದಲೇ ಬ್ಯಾಂಕನ್ನು ಇಳಿಸಿಕೊಂಡಿದ್ದ ಗೆಳೆಯನ ಮನೆ ಹುಡುಕಬೇಕಾಯಿತು.